ಹಡಗು ಹತ್ತುವ ಮುನ್ನ

ಮಕ್ಕಳೇ, ಕೆರೆ ನೀರನ್ನಷ್ಟೇ ಕಂಡ ನಮ್ಮ ಸೂಲಿಬೆಲೆ ಕಡೆಯವರಿಗೆ ಲಕ್ಷದ್ವೀಪದ ಹಡಗು ಪ್ರವಾಸ ಹಬ್ಬವೇ ಸರಿ. ಕೊಚ್ಚಿಯಿಂದ ಹೊರಡುವ ‘ಸಮುದ್ರಂ’ ಪ್ರವಾಸದಲ್ಲಿ ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳ ಸುತ್ತಾಟ, ರಾತ್ರಿ ಹಡಗಿನಲ್ಲೇ ನಿದ್ದೆ. ಊರೂರಿಗೆ ಪೆಟ್ಟಿಗೆ ಹೊರುವ ಕಾಟವಿಲ್ಲ. ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಸುಖ.

ಆದರೆ ಹವಳದ ದಿಬ್ಬಗಳ ಕಾರಣ ಹಡಗು ಸಾಮಾನ್ಯವಾಗಿ ದೂರದಲ್ಲೇ ನಿಲ್ಲುತ್ತದೆ. ಅಲೆಯಲ್ಲಿ ತೂಗಾಡುವ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಹಣ ಕಟ್ಟುವ ಮೊದಲು ತಾತನನ್ನಲ್ಲ, ತಾತನ ಮಂಡಿಯನ್ನು ಕೇಳಿ! ಪ್ರವೇಶ ಪರವಾನಗಿ ಬೇಕೇ ಬೇಕು. ಮಳೆಗಾಲ ಬೇಡ.

ಅಲ್ಲಿನ ಅಮಿನಿ, ಕಡಮತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ಹಾಯಿದೋಣಿಯಲ್ಲಿ ಮಂಗಳೂರಿಗೆ ತೆಂಗಿನ ನಾರು ತಂದು, ಅಕ್ಕಿ ಒಯ್ಯುತ್ತಿದ್ದರು.