ಜೀವನಾಂಶವೆಂಬ ಪಾಲು

ತೊಂಡೇಬಾವಿಯ ತವರುಮನೆಯಲ್ಲಿರುವ ಸೋದರಿಯೊಬ್ಬರ ಕಾಗದ ಬಂದಿದೆ. ಪತಿಯು ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನದ ಅರ್ಜಿ ಹಾಕಿದ್ದಾರಂತೆ. ‘ತೀರ್ಪಾಗುವವರೆಗೆ ಅಣ್ಣನ ಮನೆಯ ಅನ್ನವನ್ನೇ ಉಣ್ಣುವೆ, ಅವರಲ್ಲಿ ಬೇಡುವುದು ಮಾತ್ರ ನನ್ನಿಂದಾಗದು’ ಎಂದು ಬರೆದಿರುವರು.

ಬೇಡುವುದೆಂಬ ಮಾತೇ ಇಲ್ಲಿ ಸಲ್ಲದು. ಜೀವನ, ಅಂಶ ಎಂಬೆರಡು ಪದಗಳು ಸವರ್ಣದೀರ್ಘ ಸಂಧಿಯಿಂದ ಕೂಡಿ ಜೀವನಾಂಶವಾಗಿದೆ. (ಪಾಠ ಹೇಳುವವನ ಚಾಳಿ; ವಾಚಕರು ಮನ್ನಿಸಬೇಕು.) ಅಂಶವೆಂದರೆ ಪಾಲು, ಭಿಕ್ಷೆಯಲ್ಲ. ದಾವೆ ನಡೆಯುತ್ತಿರುವಾಗಲೇ, ಸ್ವಂತ ವರಮಾನ ಸಾಲದವರಿಗೆ ಮಧ್ಯಂತರ ಜೀವನಾಂಶವನ್ನೂ ವ್ಯಾಜ್ಯದ ವೆಚ್ಚವನ್ನೂ ಕೊಡಿಸಲು 1955ರ ಹಿಂದೂ ವಿವಾಹ ಕಾಯಿದೆಯ 24ನೆಯ ಕಲಮಿನಲ್ಲಿ ಅವಕಾಶವಿದೆ. ಹೆಂಡತಿಗಷ್ಟೇ ಅಲ್ಲ, ಗಂಡನೂ ಕೇಳಬಹುದು!

ಆದರೆ ಅರ್ಜಿಯ ಬಲವಿರುವುದು ಕಣ್ಣೀರಿನಲ್ಲಲ್ಲ, ಲೆಕ್ಕದಲ್ಲಿ. ರಜನೀಶ್–ನೇಹಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರ್ 4ರಂದು, ಉಭಯ ಪಕ್ಷದವರೂ ತಮ್ಮ ಆಸ್ತಿ, ವರಮಾನ, ಸಾಲಗಳನ್ನು ಅಫಿಡವಿಟ್ಟಿನಲ್ಲಿ ತೆರೆದಿಡಬೇಕೆಂದು ವಿಧಿಸಿತು. ಆದುದರಿಂದ ಸೋದರಿಯವರು ಮೊದಲು ಹಿಡಿಯಬೇಕಾದುದು ಒಂದು ನೋಟುಪುಸ್ತಕ. ಹಾಲು, ದಿನಸಿ, ಔಷಧ, ಮಗುವಿನ ಶಾಲೆಯ ಶುಲ್ಕ, ವಾಯಿದೆಯ ದಿನ ಬೆಂಗಳೂರಿಗೆ ಹೋಗಿಬರುವ ರೈಲಿನ ಖರ್ಚು, ಎಲ್ಲವೂ ಅದರಲ್ಲಿರಲಿ. ರಸೀದಿಗಳೂ ಬ್ಯಾಂಕಿನ ಪಾಸ್‌ಪುಸ್ತಕವೂ ಜೊತೆಗಿರಲಿ. ಪತಿಯ ಸಂಬಳದ ಚೀಟಿ ಸಿಗದಿದ್ದರೆ ಅವರ ಉದ್ಯೋಗ, ಮನೆ, ವಾಹನ, ಜೀವನದ ರೀತಿ, ತಿಳಿದಷ್ಟನ್ನು ಬರೆಯಬೇಕು. ಹೊಲಿಗೆಯಿಂದ ಬರುವ ಪುಡಿಗಾಸನ್ನೂ ಮುಚ್ಚಿಡಬಾರದು. ಅಲ್ಪಸ್ವಲ್ಪ ಸಂಪಾದನೆಯಿದ್ದ ಮಾತ್ರಕ್ಕೆ ಹಕ್ಕು ಹೋಗದು, ಮುಚ್ಚಿಟ್ಟದ್ದು ಬಯಲಾದರೆ ನಂಬಿಕೆ ಹೋದೀತು. ಉಬ್ಬಿಸಿ ಬರೆದರೂ ಅದೇ ಗತಿ: ತಿಂಗಳಿಗೆ ಆರು ಲಕ್ಷ ರೂಪಾಯಿಗೂ ಮೀರಿ ಕೇಳಿದ ಅರ್ಜಿಯೊಂದನ್ನು ಕಂಡು, ಒಬ್ಬ ಹೆಂಗಸಿಗೆ ಇಷ್ಟು ಖರ್ಚೇ ಎಂದು ಕರ್ನಾಟಕ ಉಚ್ಚ ನ್ಯಾಯಾಲಯವು 2024ರಲ್ಲಿ ಗದರಿದ್ದುಂಟು.

ಅಭಿಮಾನಕ್ಕಾಗಿ ತಡಮಾಡುವವರು ಒಂದನ್ನು ಅರಿಯಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಕೊಡಿಸಬೇಕೆಂದು ಅದೇ 2020ರ ತೀರ್ಪು ಹೇಳುತ್ತದೆ. ಅದಕ್ಕೆ ಮುಂಚೆ ಅಣ್ಣನ ಮನೆಯಲ್ಲಿ ಕಳೆದ ತಿಂಗಳುಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಬಾರವು. ನೋಟೀಸು ಜಾರಿಯಾದ 60 ದಿನಗಳಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ, ಇತ್ಯರ್ಥವಾಗಬೇಕೆಂದು ಕಾಯಿದೆಯಲ್ಲಿದೆ. ಆ ‘ಸಾಧ್ಯವಾದಷ್ಟು’ ಎಂಬುದು ಎಷ್ಟು ಹಿಗ್ಗಬಲ್ಲದೆಂಬುದನ್ನು ಕೋರ್ಟಿನ ಮೆಟ್ಟಿಲು ಹತ್ತಿದವರೇ ಬಲ್ಲರು.

ವಕೀಲರ ಶುಲ್ಕದ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರು, ವರಮಾನವೆಷ್ಟೇ ಇರಲಿ, ಉಚಿತ ನೆರವಿಗೆ ಅರ್ಹರು. ಗೌರಿಬಿದನೂರಿನ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು. ಅಲ್ಲಿಗೆ ಹೋಗುವಾಗ ನೋಟುಪುಸ್ತಕವನ್ನೂ ಇದುವರೆಗಿನ ರೈಲಿನ ಚೀಟಿಗಳನ್ನೂ ಮರೆಯದೆ ಕೊಂಡೊಯ್ಯಿರಿ, ತಾಯಿ.