ಉಂಡು ಮಲಗಿದರೂ ಮುಗಿಯದ ಜಗಳ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವ ಮನೆಯನ್ನು ನೋಡಿ ಕಟ್ಟಿದರೋ ತಿಳಿಯದು. ಉಂಡು ಮಲಗಿದ ಮೇಲೆಯೇ ಜಗಳ ಆರಂಭವಾಗುವ ಮನೆಗಳೂ ಇವೆ; ಉಣ್ಣಲು ಕೊಡದೆಯೇ ಮಲಗಿಸುವ ಮನೆಗಳೂ ಇವೆ. ಆದರೂ ಮುಂಬಯಿಯ ಕನ್ನಡಿಗರಾದ ನಾವು ಊರಿನಿಂದ ಬರುವಾಗ ಉಪ್ಪಿನಕಾಯಿಯ ಭರಣಿಯ ಜೊತೆಗೆ ಈ ಗಾದೆಯನ್ನೂ ಜೋಪಾನವಾಗಿ ತಂದಿದ್ದೇವೆ. ಭರಣಿ ಬರಿದಾಗಿ ಎಷ್ಟೋ ಕಾಲವಾಯಿತು. ಗಾದೆ ಮಾತ್ರ ಇನ್ನೂ ಖರ್ಚಾಗಿಲ್ಲ.

ನಮ್ಮ ಸಂಘದ ಕೋಣೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕಾಗಿದೆ. ಊರಿನಿಂದ ಮದುವೆಯಾಗಿ ಬಂದು ಎರಡು ವರ್ಷವೂ ತುಂಬದ ಒಬ್ಬ ಸೊಸೆ, ನೆರೆಮನೆಯಾಕೆಯ ಕೈ ಹಿಡಿದುಕೊಂಡು ಒಂದು ಭಾನುವಾರ ನಮ್ಮಲ್ಲಿಗೆ ಬಂದಳು. ಗಂಡನನ್ನೂ ಕರೆಸಿದೆವು. ನಮ್ಮಲ್ಲಿ ನಾಲ್ವರು ಹಿರಿಯರು ಕುಳಿತು ವಿಚಾರಿಸಿದರು. ಅವರು ಆ ಹುಡುಗಿಗೆ ಕೇಳಿದ ಮೊದಲ ಪ್ರಶ್ನೆ, ‘ಅವನು ಸುಮ್ಮನೆ ಹೊಡೆಯುವವನಲ್ಲ, ನೀನೇನು ಅಂದೆಯಮ್ಮಾ?’ ಎಂಬುದು. ಕೊನೆಯ ಮಾತು, ‘ಸಂಸಾರ ಅಂದ ಮೇಲೆ ಇದೆಲ್ಲ ಇದ್ದದ್ದೇ, ತಂಗೀ, ಸ್ವಲ್ಪ ತಾಳಿಕೋ’ ಎಂಬುದು. ಗಂಡನು ತಲೆ ತಗ್ಗಿಸಿ ‘ಆಗಲಿ’ ಎಂದನು. ಎಲ್ಲರೂ ಚಹಾ ಕುಡಿದೆವು. ಒಂದು ಮನೆ ಉಳಿಸಿದೆವೆಂದು ಬೆನ್ನು ತಟ್ಟಿಕೊಂಡೆವು. ಮೂರು ತಿಂಗಳಲ್ಲಿ ಆ ಹುಡುಗಿಯ ಮುಂಗೈ ಮುರಿಯಿತು.

ಆಮೇಲೆ ತಿಳಿದುಬಂದದ್ದು ಇನ್ನಷ್ಟು ನಾಚಿಕೆಯ ವಿಷಯ. ನಮ್ಮಲ್ಲಿಗೆ ಬರುವ ಮೊದಲೇ ಆಕೆ ಪೊಲೀಸ್ ಚೌಕಿಗೆ ಹೋಗಿದ್ದಳು. ಅಲ್ಲಿ ಒಂದು ‘ಎನ್.ಸಿ.’ ಬರೆದುಕೊಂಡು ಕಾಗದದ ಪ್ರತಿಯೊಂದನ್ನು ಕೈಗಿತ್ತು ಕಳುಹಿಸಿದ್ದರು. ಎನ್.ಸಿ. ಎಂದರೆ, ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ದೂರು. ಅದನ್ನು ಮರಾಠಿಯಲ್ಲಿ ಬರೆದಿದ್ದರು. ಅದರಲ್ಲಿ ಏನಿದೆಯೆಂದು ಆಕೆಗೆ ಓದಿ ಹೇಳಿದವರಿಲ್ಲ. ಕೈ ಮುರಿದ ದಿನ ಆಸ್ಪತ್ರೆಯಲ್ಲಿ ಅತ್ತೆ ಪಕ್ಕದಲ್ಲೇ ನಿಂತು ‘ಬಚ್ಚಲಲ್ಲಿ ಜಾರಿ ಬಿದ್ದಳು’ ಎಂದರು; ಕಾಗದದಲ್ಲಿ ಹಾಗೆಯೇ ಬಿತ್ತು. ತವರಿಗೆ ಫೋನು ಮಾಡಿದರೆ ‘ಆ ಊರಿನ ಕಾನೂನು ನಮಗೇನು ಗೊತ್ತು, ನಿಮ್ಮ ಸಂಘದವರನ್ನು ಕೇಳು’ ಎಂದರು. ಹೀಗೆ ಚೌಕಿ ತನ್ನ ಕೆಲಸ ಮಾಡಿತು, ಆಸ್ಪತ್ರೆ ತನ್ನ ಕೆಲಸ ಮಾಡಿತು, ಸಂಘ ತನ್ನ ಕೆಲಸ ಮಾಡಿತು. ಎಲ್ಲರೂ ತಂತಮ್ಮ ಕೆಲಸ ಮಾಡಿದ್ದರಿಂದಲೇ ಆ ಹುಡುಗಿಯ ಕೆಲಸ ಆಗಲಿಲ್ಲ.

ನಮ್ಮ ತಕರಾರು ಇರುವುದು ಇಲ್ಲಿಯೇ. ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. ಹೆಂಡತಿಯನ್ನು ಕ್ರೂರವಾಗಿ ನಡೆಸಿಕೊಳ್ಳುವುದನ್ನು ಅಪರಾಧವೆಂದು ಸಾರುವ 498-ಎ ಕಲಮು ಬಂದದ್ದು 1983ರಲ್ಲಿ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ. ಅದಕ್ಕಿಂತಲೂ ಬೇರೆ ರೀತಿಯದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಈ ಕಾಯಿದೆಯನ್ನು ಬರೆದವರು ಹೆಂಗಸು ಬಾಗಿಲಿಂದ ಬಾಗಿಲಿಗೆ ಅಲೆಯುವುದನ್ನು ಕಂಡೇ ಬರೆದಂತಿದೆ. ಪೊಲೀಸರು, ಸಂರಕ್ಷಣಾಧಿಕಾರಿ, ನೋಂದಾಯಿತ ಸೇವಾಸಂಸ್ಥೆ, ಮ್ಯಾಜಿಸ್ಟ್ರೇಟರು – ಇವರಲ್ಲಿ ಯಾರ ಕಿವಿಗೆ ಸುದ್ದಿ ಬಿದ್ದರೂ ಆಕೆಯ ಹಕ್ಕುಗಳೇನು, ಉಚಿತ ವಕೀಲರ ನೆರವು ಹೇಗೆ ಸಿಗುತ್ತದೆ ಎಂದು ತಿಳಿಸುವುದು ಅವರ ಕರ್ತವ್ಯ. ಕೇಳಿಕೊಂಡರೆ ಆಶ್ರಯಧಾಮ ಆಶ್ರಯ ಕೊಡಬೇಕು. ಆಸ್ಪತ್ರೆ ಚಿಕಿತ್ಸೆ ಕೊಡಬೇಕು. ಸಂರಕ್ಷಣಾಧಿಕಾರಿ ಘಟನೆಯ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಅರ್ಜಿ ಬಂದ ಮೂರು ದಿನಗಳೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ, ಅಲ್ಲಿಂದ ಅರವತ್ತು ದಿನಗಳಲ್ಲಿ ತೀರ್ಮಾನಕ್ಕೆ ಪ್ರಯತ್ನ. ಅಂದರೆ ಈ ಕಾಯಿದೆ ಒಂದು ಸರಪಳಿ. ಸರಪಳಿಯ ಕೊಂಡಿಗಳು ಒಂದಕ್ಕೊಂದು ತಗಲಿಕೊಳ್ಳದಿದ್ದರೆ ಅದು ಬರಿಯ ಕಬ್ಬಿಣದ ರಾಶಿ.

ಕೂಡಿ ಕೆಲಸ ಮಾಡುವುದು ಸಾಧ್ಯವೇ ಇಲ್ಲವೆನ್ನುವವರಿಗೆ ನಾವು ದೂರದ ದೇಶದ ಉದಾಹರಣೆ ಕೊಡಬೇಕಾಗಿಲ್ಲ. ಇದೇ ಮುಂಬಯಿಯಲ್ಲಿ 1984ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಪೊಲೀಸ್ ಕಮಿಷನರರ ಕಚೇರಿಯೊಳಗೇ ಹೆಂಗಸರ ಮತ್ತು ಮಕ್ಕಳ ವಿಶೇಷ ಘಟಕವನ್ನು ತೆರೆದರು. ಸಮಾಜ ಕಾರ್ಯಕರ್ತೆ ಪೊಲೀಸರ ಸೂರಿನಡಿಯೇ ಕುಳಿತರೆ, ದೂರು ಕೊಡಲು ಬಂದವಳಿಗೆ ಬೇರೆ ವಿಳಾಸ ಹುಡುಕುವ ಕಷ್ಟವಿಲ್ಲ ಎಂಬುದು ಅದರ ಸರಳ ತರ್ಕ. ಆ ಪದ್ಧತಿ ಮುಂದೆ ಮಹಾರಾಷ್ಟ್ರದ ಇತರ ಜಿಲ್ಲೆಗಳಿಗೂ ಹಬ್ಬಿತು. 2000ದ ಸುಮಾರಿಗೆ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಮಹಾನಗರ ಪಾಲಿಕೆಯೂ ‘ಸೇಹತ್’ ಸಂಸ್ಥೆಯೂ ಕೂಡಿ ‘ದಿಲಾಸಾ’ ಎಂಬ ಕೇಂದ್ರ ಆರಂಭಿಸಿದವು. ಠಾಣೆಯ ಮೆಟ್ಟಿಲು ಹತ್ತಲು ಹೆದರುವ ಹೆಂಗಸು ಗಾಯಕ್ಕೆ ಔಷಧಿ ಕೇಳಲು ಆಸ್ಪತ್ರೆಗೆ ಬಂದೇ ಬರುತ್ತಾಳೆ. ಅಲ್ಲಿ ನರ್ಸೂ ಡಾಕ್ಟರೂ ಆಕೆಯನ್ನು ಮನೆಯವರಿಂದ ಬೇರೆ ಕರೆದು ‘ಇದು ಹೇಗಾಯಿತು?’ ಎಂದು ಕೇಳುವುದನ್ನು ಕಲಿತರೆ ಅರ್ಧ ಕೆಲಸ ಆದಂತೆ. ನಮ್ಮ ಹುಡುಗಿಯನ್ನು ಹಾಗೆ ಒಬ್ಬರು ಬೇರೆ ಕರೆದು ಕೇಳಿದ್ದರೆ ಬಚ್ಚಲಿನ ಕಥೆ ಕಾಗದಕ್ಕೆ ಇಳಿಯುತ್ತಿರಲಿಲ್ಲ.

ಸರಕಾರಗಳ ಉದಾಸೀನವನ್ನು ನಾವು ಮರೆಸುವುದಿಲ್ಲ. ಕಾಯಿದೆಯ ನಡುಗಂಬವಾದ ಸಂರಕ್ಷಣಾಧಿಕಾರಿಯ ಹುದ್ದೆಯನ್ನು ಅನೇಕ ಕಡೆ ಬೇರೆ ಕೆಲಸಗಳ ಹೊರೆ ಹೊತ್ತ ಅಧಿಕಾರಿಯ ಹೆಗಲಿಗೇ ಹೆಚ್ಚುವರಿಯಾಗಿ ಹೇರಿದ್ದಾರೆ. ಕಾಯಿದೆ ಬಂದು ಇಪ್ಪತ್ತು ವರ್ಷಗಳ ಹತ್ತಿರವಾದಾಗ, 2025ರ ಮೇ ತಿಂಗಳಲ್ಲಿ, ಅಧಿಕಾರಿಗಳಿಲ್ಲದ ಕಡೆ ಅವರನ್ನು ಗೊತ್ತುಮಾಡಿರೆಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಬೇಕಾಯಿತು. ಇದಕ್ಕಿಂತ ಕಟುವಾದ ಟೀಕೆಯನ್ನು ನಾವು ಬರೆಯಲಾರೆವು.

ಆದರೆ ಸರಕಾರವನ್ನು ಬೈದು ಕೈ ತೊಳೆದುಕೊಳ್ಳುವುದೂ ಸುಲಭದ ದಾರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ತೆರೆದು ನೋಡಿರಿ. ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನ ಹಿಂಸೆ ಅನುಭವಿಸಿದವರು ದೇಶದಲ್ಲಿ ನೂರಕ್ಕೆ 29. ನಮ್ಮ ಕರ್ನಾಟಕದಲ್ಲಿ ನೂರಕ್ಕೆ 44. ‘ನಮ್ಮವರಲ್ಲಿ ಅದೆಲ್ಲ ಇಲ್ಲ’ ಎಂದು ವೇದಿಕೆಯಿಂದ ಹೇಳುವವರು ಈ ಅಂಕಿಯನ್ನು ಒಮ್ಮೆ ಗಟ್ಟಿಯಾಗಿ ಓದಲಿ. ಇನ್ನೊಂದು ಅಂಕಿ ಇದಕ್ಕಿಂತ ಭಾರವಾದುದು: ದೇಶದಲ್ಲಿ ಹೊಡೆತ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ನೆರವು ಕೇಳಿದವರು ನೂರಕ್ಕೆ 14 ಮಾತ್ರ, ನೆರವನ್ನೂ ಕೇಳದೆ ಯಾರಿಗೂ ಹೇಳದೆ ಉಳಿದವರು ನೂರಕ್ಕೆ 77. ಆ ಭಾನುವಾರ ನಮ್ಮ ಬಾಗಿಲಿಗೆ ಬಂದವಳು ಆ ಹದಿನಾಲ್ವರಲ್ಲಿ ಒಬ್ಬಳು. ಆಕೆಯನ್ನು ಎಪ್ಪತ್ತೇಳರ ಗುಂಪಿಗೆ ತಿರುಗಿ ಕಳುಹಿಸಿದವರು ನಾವು.

‘ಹಿರಿಯರು ಕುಳಿತು ಬುದ್ಧಿ ಹೇಳುವುದು ತಪ್ಪೇ? ಕೋರ್ಟೂ ಆಪ್ತಸಲಹೆಗೆ ಕಳುಹಿಸುವುದಿಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ಕಳುಹಿಸುತ್ತದೆ. ಆದರೆ 2006ರ ನಿಯಮಗಳಲ್ಲಿ ಆ ಸಲಹೆಗೆ ಹಾಕಿರುವ ಕಟ್ಟುಗಳನ್ನು ನೋಡಿರಿ. ಎರಡು ಪಕ್ಷಗಳಲ್ಲಿ ಒಂದಕ್ಕೆ ನಂಟರಾದವರು, ವ್ಯಾಜ್ಯದಲ್ಲಿ ಸಂಬಂಧವುಳ್ಳವರು ಸಲಹೆಗಾರರಾಗುವಂತಿಲ್ಲ. ಮಾಡಿದ ಹಿಂಸೆಗೆ ಸಮರ್ಥನೆ ಹೇಳಲು ಗಂಡನಿಗೆ ಅವಕಾಶವಿಲ್ಲ. ಇನ್ನು ಮುಂದೆ ಹಿಂಸೆ ನಡೆಯದೆಂಬ ಭರವಸೆ ಪಡೆಯುವುದೇ ಸಲಹೆಯ ಗುರಿ. ನಮ್ಮ ನಾಲ್ವರು ಹಿರಿಯರಲ್ಲಿ ಒಬ್ಬರು ಆ ಮದುವೆಗೆ ಮಧ್ಯಸ್ಥಿಕೆ ವಹಿಸಿದವರು. ಇನ್ನೊಬ್ಬರು ಹುಡುಗನ ಸೋದರಮಾವ. ಮೊದಲು ಕೇಳಿದ್ದೇ ಗಂಡನ ಸಮರ್ಥನೆ. ಕಾಯಿದೆ ಬೇಡವೆಂದುದನ್ನೆಲ್ಲ ನಾವು ಒಂದೇ ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದೆವು.

‘ಸುಳ್ಳು ಕೇಸು ಹಾಕಿ ಗಂಡನ ಮನೆಯವರನ್ನೆಲ್ಲ ಜೈಲಿಗೆ ಕಳುಹಿಸುತ್ತಾರೆ’ ಎಂಬುದು ಇನ್ನೊಂದು ಆಕ್ಷೇಪ. ಸುಳ್ಳು ದೂರು ಇರಲಾರದೆಂದು ನಾವು ಹೇಳುವುದಿಲ್ಲ. 498-ಎ ಪ್ರಕರಣಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂದು 2014ರಲ್ಲಿಯೇ ಸುಪ್ರೀಂ ಕೋರ್ಟು ಆದೇಶಿಸಿದೆ. 2005ರ ಕಾಯಿದೆಯಂತೂ ಮೊದಲಿಗೆ ಯಾರನ್ನೂ ಜೈಲಿಗೆ ಕಳುಹಿಸುವುದೇ ಇಲ್ಲ. ಹೊಡೆಯಬೇಡ, ಮನೆಯಿಂದ ಹೊರಹಾಕಬೇಡ, ಖರ್ಚಿಗೆ ಕೊಡು ಎಂದು ಆದೇಶಿಸುತ್ತದೆ. ರಕ್ಷಣೆಯ ಆದೇಶ ಮೀರಿದವನಿಗೆ ಮಾತ್ರ ಒಂದು ವರ್ಷದವರೆಗೆ ಸೆರೆ ಅಥವಾ ಇಪ್ಪತ್ತು ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಹೊಡೆಯದವನಿಗೆ ‘ಹೊಡೆಯಬೇಡ’ ಎಂಬ ಆದೇಶದಿಂದ ಏನು ನಷ್ಟ?

‘ಸಂಘದ ಮರ್ಯಾದೆ?’ ಎನ್ನುವವರೂ ಇದ್ದಾರೆ. ಮರ್ಯಾದೆ ಹೋಗುವುದು ಹೊಡೆದಾಗ. ಹೊಡೆದದ್ದನ್ನು ಹೇಳಿದಾಗ ಅಲ್ಲ.

ಹಾಗಾದರೆ ಸಂಘ ಏನು ಮಾಡಬೇಕು? ಮೊದಲನೆಯದು, ನ್ಯಾಯಪೀಠವಾಗುವುದನ್ನು ಬಿಡಬೇಕು. ನಮ್ಮ ಕೋಣೆಯಲ್ಲಿ ಇನ್ನು ರಾಜಿ ಪಂಚಾಯ್ತಿ ಕೂಡದು. ನಾವು ಸರಪಳಿಯ ಒಂದು ಕೊಂಡಿ ಮಾತ್ರ. ಆದರೆ ಬೇರೆ ಯಾರೂ ಆಗಲಾರದ ಕೊಂಡಿ. ಏಕೆಂದರೆ ಠಾಣೆಯಲ್ಲಿ ಮರಾಠಿ, ಕೋರ್ಟಿನಲ್ಲಿ ಮರಾಠಿ ಇಲ್ಲವೆ ಇಂಗ್ಲಿಷ್, ಆಸ್ಪತ್ರೆಯಲ್ಲಿ ಹಿಂದಿ. ಬಾಗಲಕೋಟೆಯ ಕನ್ನಡದಲ್ಲೋ ಕುಂದಾಪುರದ ಕನ್ನಡದಲ್ಲೋ ತುಳುವಿನಲ್ಲೋ ಮಾತ್ರ ತನ್ನ ನೋವು ಹೇಳಬಲ್ಲವಳ ಬಾಯಿಯಾಗಬಲ್ಲವರು ನಾವೇ.

ಎರಡನೆಯದು, ಎರಡೂ ಭಾಷೆ ಬಲ್ಲ ಮೂರು ನಾಲ್ಕು ಮಂದಿ ಹೆಂಗಸರನ್ನು ಗೊತ್ತುಮಾಡಬೇಕು. ಆಕೆಯ ಜೊತೆ ಹೋಗುವುದು, ಹೇಳಿದ್ದನ್ನು ಹೇಳಿದಂತೆಯೇ ಅನುವಾದಿಸುವುದು, ಬರೆದದ್ದನ್ನು ಓದಿ ಹೇಳುವುದು, ಬಾಯಿ ಮುಚ್ಚಿಕೊಂಡಿರುವುದು – ಇಷ್ಟೇ ಅವರ ಕೆಲಸ. ಉಪದೇಶ ಬೇಡ.

ಮೂರನೆಯದು, ಈ ಪತ್ರಿಕೆಯ ರಕ್ಷಾಪುಟದ ಒಳಗೆ ಪ್ರತಿ ತಿಂಗಳೂ ಸಂಖ್ಯೆಗಳನ್ನು ಅಚ್ಚು ಮಾಡಬೇಕು: ತುರ್ತು ಕರೆಗೆ 112, ಮಹಿಳಾ ಸಹಾಯವಾಣಿ 181, ಮುಂಬಯಿ ಪೊಲೀಸರ 103, ಉಚಿತ ಕಾನೂನು ನೆರವಿಗೆ 15100. ಹೆಂಗಸರಿಗೆ ಈ ನೆರವು ಆದಾಯ ನೋಡದೆ ಸಿಗುತ್ತದೆಂಬುದನ್ನೂ ಅಲ್ಲಿಯೇ ಬರೆಯಬೇಕು. ನಮ್ಮ ಭಾಗದ ಸಂರಕ್ಷಣಾಧಿಕಾರಿಯ ವಿಳಾಸ ಹಾಕಿ, ಆರು ತಿಂಗಳಿಗೊಮ್ಮೆ ಹೋಗಿ ಪರೀಕ್ಷಿಸಬೇಕು.

ನಾಲ್ಕನೆಯದು, ವರ್ಷಕ್ಕೊಂದು ಸನ್ಮಾನ ಕಡಿಮೆ ಮಾಡಿ, ಅದೇ ಶಾಲು ಹಾರದ ದುಡ್ಡಿನಲ್ಲಿ ಠಾಣೆಯವರು, ಆಸ್ಪತ್ರೆಯವರು, ವಿಶೇಷ ಘಟಕದವರು, ಕಾನೂನು ನೆರವಿನವರು – ಇವರನ್ನು ಒಂದೇ ಕೋಣೆಯಲ್ಲಿ ಕೂಡಿಸಬೇಕು. ಒಬ್ಬರನ್ನೊಬ್ಬರು ಹೆಸರು ಹಿಡಿದು ಬಲ್ಲವರು ಮಾತ್ರ ಫೋನು ಎತ್ತಿ ‘ಈಕೆಯನ್ನು ಕಳುಹಿಸುತ್ತಿದ್ದೇನೆ, ನೋಡಿಕೊಳ್ಳಿ’ ಎನ್ನಬಲ್ಲರು.

ಊರಿನಲ್ಲಿರುವ ತಂದೆತಾಯಿಗಳಿಗೂ ಒಂದು ಮಾತು ತಲುಪಬೇಕು. ಮುಂಬಯಿಯಲ್ಲಿ ನಡೆದದ್ದಕ್ಕೆ ಮುಂಬಯಿಯಲ್ಲೇ ದಾವೆ ಹೂಡಬೇಕೆಂದಿಲ್ಲ. ಹುಡುಗಿ ತಾತ್ಕಾಲಿಕವಾಗಿ ತವರಿನಲ್ಲಿ ಇದ್ದರೂ ಅಲ್ಲಿಯ ಮ್ಯಾಜಿಸ್ಟ್ರೇಟರಲ್ಲಿ 2005ರ ಕಾಯಿದೆಯಂತೆ ಅರ್ಜಿ ಹಾಕಬಹುದು. ಅಲ್ಲಿ ಸಿಕ್ಕ ಆದೇಶ ದೇಶದಲ್ಲೆಲ್ಲ ನಡೆಯುತ್ತದೆ. ಗಂಡನ ಕ್ರೌರ್ಯದಿಂದ ತವರಿಗೆ ಓಡಿಬಂದವಳು 498-ಎ ದೂರನ್ನು ಅಲ್ಲಿಯೇ ಕೊಡಬಹುದೆಂದು ಸುಪ್ರೀಂ ಕೋರ್ಟು 2019ರಲ್ಲಿ ತೀರ್ಪಿತ್ತಿದೆ. ‘ಆ ಊರಿನ ಕಾನೂನು ನಮಗೆ ಗೊತ್ತಿಲ್ಲ’ ಎನ್ನುವ ತಂದೆಗೆ ಇದು ಗೊತ್ತಿರಬೇಕಾಗಿತ್ತು; ತಿಳಿಸಬೇಕಾಗಿದ್ದವರು ನಾವು.

ಆ ಹುಡುಗಿ ಈಗ ತವರಿನಲ್ಲಿದ್ದಾಳೆ. ಕೈ ಕೂಡಿದೆ, ಪೂರ್ತಿ ನೆಟ್ಟಗಾಗಿಲ್ಲ ಎಂದು ನೆರೆಮನೆಯಾಕೆ ಹೇಳುತ್ತಾರೆ. ಆಕೆಯ ಬಳಿ ನಾವು ಇನ್ನೂ ಕ್ಷಮೆ ಕೇಳಿಲ್ಲ. ಮುಂದಿನ ಮಹಾಸಭೆಯಲ್ಲಿ ಮೇಲಿನ ನಾಲ್ಕು ಸೂಚನೆಗಳು ಮತಕ್ಕೆ ಬರಲಿವೆ. ಕೈ ಎತ್ತುವ ಮುನ್ನ ಸದಸ್ಯರು ಆ ಕೈಯನ್ನು ಒಮ್ಮೆ ನೆನೆದುಕೊಳ್ಳಲಿ.