ಡಬ್ಬಿ ಬಚ್ಚಿಡೋ ಮುಂಚೆ ಯಾರನ್ನ ಕೇಳ್ಬೇಕು?

ಜಿಯೋಕ್ಯಾಶಿಂಗ್ ಅಂತ ಒಂದು ಆಟ ಅದೆ ಕಣ್ರವ್ವಾ. ನೀರು ಹೋಗದಂಥ ಒಂದು ಡಬ್ಬಿ, ಅದರೊಳಗೆ ಹೆಸರು ಬರೆಯೋಕೆ ಚಿಕ್ಕ ಪುಸ್ತಕ, ಮಣಿನೋ ಗೊಂಬೆನೋ ಒಂದೆರಡು ಸಣ್ಣ ಸಾಮಾನು. ಅದನ್ನ ಎಲ್ಲಾದ್ರೂ ಮರೆಯಲ್ಲಿಟ್ಟು, ಆ ಜಾಗದ ಜಿಪಿಎಸ್ ಅಂಕಿನ ಇಂಟರ್ನೆಟ್ಟಿಗೆ ಹಾಕ್ತಾರೆ. ಬೇರೆಯೋರು ಫೋನ್ ಹಿಡ್ಕೊಂಡು ಬಂದು ಹುಡುಕಿ, ಹೆಸರು ಬರೆದು, ಇದ್ದಂಗೇ ಇಟ್ಟು ಹೋಗ್ಬೇಕು. ಒಂದು ಸಾಮಾನು ತಗೊಂಡ್ರೆ ಅಷ್ಟೇ ಬೆಲೆದು ಇನ್ನೊಂದು ಇಡ್ಬೇಕು. 2000ನೇ ಇಸವಿ ಮೇ 3ನೇ ತಾರೀಕು ಅಮೆರಿಕದ ಆರೆಗಾನ್‌ನಲ್ಲಿ ಡೇವ್ ಉಲ್ಮರ್ ಅನ್ನೋರು ಮೊದಲನೇದು ಇಟ್ಟಿದ್ದು. ಅದು ಡಬ್ಬಿನೂ ಅಲ್ಲ, ಬಕೆಟ್ಟು. ಅದರಲ್ಲಿ ಒಂದು ಬೀನ್ಸ್ ಡಬ್ಬ ಬೇರೆ ಇತ್ತಂತೆ! ಈಗ ತಿನ್ನೋ ಪದಾರ್ಥ ಇಡಂಗಿಲ್ಲ. ಇರುವೆ, ಇಲಿ ಕತೆ ನಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ ಬಿಡಿ.

ಅಲ್ಲಿರೋ ನನ್ನ ತಂಗಿ ಮಗನಿಗೆ ಇದರ ಹುಚ್ಚು. ರಜಕ್ಕೆ ಬಂದೋನು "ದೊಡ್ಡಮ್ಮ, ಮೊಸಳೆ ಗುಡಿ ಹತ್ರ ಒಂದು ಇಡ್ಲಾ? ದೂರದೋರೆಲ್ಲ ಹುಡುಕ್ಕೊಂಡು ಬರ್ತಾರೆ" ಅಂದ. ಆಸೆ ಒಳ್ಳೇದೇ. ಬೇಲೂರು ಹಳೇಬೀಡಿಗೆ ಬಸ್ಸುಗಟ್ಟಲೆ ಜನ ಹೋಗ್ತಾರೆ, ಹಾಸನದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ನಮ್ಮ ನಾಗೇಶ್ವರ, ಚೆನ್ನಕೇಶವ ಜೋಡಿ ಗುಡಿಗೆ ಬರೋರು ಎಷ್ಟು ಮಂದಿ? ಆದ್ರೂ ನಾನು ಬೇಡ ಅಂದೆ. ಯಾಕೆ ಅಂತ ಕೇಳಿ.

ಅವರ ದೇಶದಲ್ಲೇ ಬಹಳ ರಾಜ್ಯಗಳ ಪಾರ್ಕಿನಲ್ಲಿ ಸುಮ್ಮನೆ ಇಡಂಗಿಲ್ಲ. ಎಲ್ಲಿ ಇಡ್ತೀನಿ, ಏನು ಇಡ್ತೀನಿ ಅಂತ ಅರ್ಜಿ ಬರೆದು, ಪಾರ್ಕ್ ನೋಡ್ಕೊಳೋರು ಹೂಂ ಅಂದ್ಮೇಲೇ ಇಡೋದು. ರಾಷ್ಟ್ರೀಯ ಉದ್ಯಾನದಲ್ಲಂತೂ ಇನ್ನೂ ಬಿಗಿ. ಆಟದೋರ ನಿಯಮದಲ್ಲೂ ಜಾಗದೋರ ಒಪ್ಪಿಗೆ ಮೊದಲು, ನೆಲ ಅಗೆದು ಹೂಳಂಗಿಲ್ಲ. ಅಲ್ಲಿ ಅರ್ಜಿ ಬರೆಯೋ ಹುಡುಗರು ಇಲ್ಲಿಗೆ ಬಂದ್ರೆ "ಇಂಡಿಯಾದಲ್ಲಿ ಯಾರು ಕೇಳ್ತಾರೆ" ಅಂತಾರಲ್ಲ, ನನಗೆ ಮೈ ಉರಿಯೋದು ಅಲ್ಲೇ.

ಕೇಳೋರು ಇದ್ದಾರಪ್ಪ. ಈ ಗುಡಿ ಕೇಂದ್ರ ಪುರಾತತ್ವ ಇಲಾಖೆದು. 2010ರ ತಿದ್ದುಪಡಿ ಆದ್ಮೇಲೆ ಇಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟಂಗಿಲ್ಲ, ಅದರಾಚೆ 200 ಮೀಟರ್ ಕಟ್ಟೋಕೂ ಅನುಮತಿ ಬೇಕು. ಗುಡಿ ಪಕ್ಕದ ಮನೆಯೋರು ಒಂದು ಬಚ್ಚಲು ಕಟ್ಟೋಕೂ ಕಾಗದ ಹಿಡ್ಕೊಂಡು ಅಲೀಬೇಕು. ಅವರ ಕಣ್ಣೆದುರಿಗೆ ಹೊರಗಿಂದ ಬಂದೋನು ಕಲ್ಲಿನ ಸಂದಿಗೆ ಡಬ್ಬಿ ತುರುಕಿ ಹೋಗೋದು ಯಾವ ನ್ಯಾಯ?

ಇನ್ನೊಂದು ಮಾತು. ನಮ್ಮ ಕಡೆ ಹಳೇ ಗುಡಿ ಹತ್ರ ಯಾರಾದ್ರೂ ಕಲ್ಲು ಎತ್ತಿ ನೋಡಿದ್ರೆ ಜನ ಏನಂತಾರೆ? ನಿಧಿ ಕಳ್ಳರು ಅಂತಾರೆ. ನಿಧಿ ಆಸೆಗೆ ವಿಗ್ರಹದ ಬುಡಾನೇ ಅಗೆದಿರೋ ಸುದ್ದಿ ನಾವು ಪೇಪರ್‌ನಲ್ಲಿ ಓದ್ತಾನೇ ಇರ್ತೀವಿ. ಸಿಕ್ಕಿದ ನಿಧಿ ಸರ್ಕಾರಕ್ಕೆ ಒಪ್ಪಿಸೋಕೆ ಅಂತಲೇ ನಮ್ಮ ರಾಜ್ಯದಲ್ಲಿ 1962ರ ಕಾನೂನು ಅದೆ. ನಿಧಿ ಅಲ್ಲ ಅಂದ್ರೆ ಮಾಟ ಅಂತಾರೆ, ಅದೂ ಅಲ್ಲ ಅಂದ್ರೆ ಬಾಂಬು. ಬೆಳಿಗ್ಗೆ ಕಸ ಗುಡಿಸೋಕೆ ಬಂದೋಳ ಕೈಗೆ ಆ ಡಬ್ಬಿ ಸಿಕ್ಕಿದ್ರೆ ಅವಳ ಎದೆ ಒಡೆದು ಹೋಗಲ್ವಾ? ಪೊಲೀಸರು ಬಂದು ಮೊದಲು ಪ್ರಶ್ನೆ ಕೇಳೋದೂ ಅವಳನ್ನೇ, ಅಮೆರಿಕಕ್ಕೆ ವಾಪಸ್ ಹೋದ ಹುಡುಗನನ್ನಲ್ಲ.

ಅದಕ್ಕೇ ನಾನು ಹೇಳೋದು, ಒಪ್ಪಿಗೆ ಅಂದ್ರೆ ಆಫೀಸಿನ ಮೊಹರು ಒಂದೇ ಅಲ್ಲ. ಅದಂತೂ ಬೇಕೇ ಬೇಕು: ಗೊರೂರು ಅಣೆಕಟ್ಟಿನ ಕಡೆ ಆದ್ರೆ ನೀರಾವರಿ ನಿಗಮ, ಕಾಡಾದ್ರೆ ಅರಣ್ಯ ಇಲಾಖೆ, ತೋಟ ಆದ್ರೆ ತೋಟದೋರು. ಆದ್ರೆ ಆ ಜಾಗದಲ್ಲಿ ದಿನಾ ಓಡಾಡೋರಿಗೂ ಹೇಳಿರ್ಬೇಕು. ಗುಡಿಸೋಳು, ದನ ಮೇಯಿಸೋನು, ಎದುರು ಮನೆ ಅಜ್ಜಿ. "ಬಚ್ಚಿಟ್ಟಿದ್ದು ಎಲ್ಲರಿಗೂ ಗೊತ್ತಾದ್ರೆ ಆಟವೇನು" ಅಂದ ನಮ್ಮ ಹುಡುಗ. ಹುಡುಕೋರಿಗೆ ಗೊತ್ತಿಲ್ಲದಿದ್ರೆ ಸಾಕಲ್ಲಪ್ಪ, ಊರಿನೋರಿಗೂ ಯಾಕೆ ಗುಟ್ಟು?

ಗುಡಿಗೇ ಜನ ಬರ್ಬೇಕು ಅಂದ್ರೆ ಡಬ್ಬಿ ಇಲ್ಲದ ಬಗೆಯೂ ಈ ಆಟದಲ್ಲಿ ಅದೆ. ಅರ್ತ್‌ಕ್ಯಾಶ್ ಅಂತಾರೆ, 2004ರಲ್ಲಿ ಶುರುವಾದದ್ದು. ಏನೂ ಇಡೋದಿಲ್ಲ, ಬಂದೋರು ಅಲ್ಲಿನ ಕಲ್ಲು ಮಣ್ಣು ನೋಡಿ ಪ್ರಶ್ನೆಗೆ ಉತ್ತರ ಬರೀಬೇಕು. ಮೊಸಳೆಗೆ ಅದು ಹೇಳಿ ಮಾಡಿಸಿದಂಗೆ ಅದೆ. ಹೊಯ್ಸಳರ ಗುಡಿಗಳೆಲ್ಲ ಬಳಪದ ಕಲ್ಲು ತಾನೆ? ನಮ್ಮಜ್ಜಿಯರು ಹುಳಿ ಕುದಿಸ್ತಿದ್ದ ಕಲ್ಲಿನ ಪಾತ್ರೆ ಜಾತಿದು. ಮೆತ್ತಗಿರೋದಕ್ಕೇ ಉಗುರಿನಷ್ಟು ಸಣ್ಣ ಕುಸುರಿ ಅದರಲ್ಲಿ ಕೆತ್ತೋಕಾಯ್ತು. ಅದಕ್ಕೂ ಅಲ್ಲಿನೋರಿಗೆ ಒಂದು ಮಾತು ಹೇಳಿಯೇ ಮಾಡ್ಲಿ.

ಒಂದು ದೂರು ನಂದೂ ಅದೆ. ಕೇಳೋಕೆ ಹೋದ ಮಕ್ಕಳಿಗೆ ನಮ್ಮಲ್ಲಿ ಸಿಗೋದು "ಏನು ಜಿಯೋ? ಸಿಮ್ಮಾ?" ಅನ್ನೋ ಉತ್ತರ. ಚಾರಣಕ್ಕೆ ಅರಣ್ಯ ಇಲಾಖೆಯೋರು ಆನ್‌ಲೈನ್ ಬುಕಿಂಗ್ ಮಾಡವ್ರಲ್ಲ, ಹಂಗೇ ಇದಕ್ಕೂ ಒಂದು ಪುಟದ ಅರ್ಜಿ ಇಟ್ರೆ ಗಂಟೇನು ಹೋಗ್ತದೆ? ಎಲ್ಲಿ, ಎಷ್ಟು ದಿನ, ಯಾರು ತೆಗೀತಾರೆ, ಇಷ್ಟು ಬರೆಸ್ಕೊಂಡ್ರೆ ಸಾಕು. ಕೊನೇದನ್ನ ಮಾತ್ರ ದಪ್ಪಕ್ಷರದಲ್ಲಿ ಅಚ್ಚು ಹಾಕಿಸ್ಲಿ.